ಕಾಳು ಕಡಿದು ಹೇಳುವವರು

ಜೋಳ ಒಣಗಿದೆಯೋ ಇಲ್ಲವೋ ತಿಳಿಯಲು ಮೂರು ದಾರಿಗಳಿವೆ. ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ ನೋಡುವುದು ಒಂದು. ಒಳಗೆ ತಂಪು ಹತ್ತಿದರೆ ಕಾಳು ಹಸಿ. ಒಂದು ಹಿಡಿ ಎತ್ತಿ ತಗಡಿನ ಮೇಲೆ ಸುರಿದು ಸಪ್ಪಳ ಕೇಳುವುದು ಇನ್ನೊಂದು. ಮೂರನೆಯದು ಹಲ್ಲು. ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿದಾಗ ಕಟ್ ಎಂದು ಎರಡಾದರೆ ಒಣಗಿದ್ದು; ಒಡೆಯದೆ ಚಪ್ಪಟೆಯಾಗಿ ಹಲ್ಲಿಗೆ ಮೆತ್ತಿದರೆ ಹಸಿ. ಮೊದಲ ಎರಡನ್ನು ಯಾರಾದರೂ ಕಲಿಯಬಹುದು. ಮೂರನೆಯದರಲ್ಲಿ ಪಳಗಿದವರು ಮರಾಠಿ ಗಡಿಯ ನಮ್ಮ ಸಂಖದ ಬಾಜಾರಿನಲ್ಲಿ ಒಬ್ಬರೇ ಇದ್ದರು. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ನಾನೂ ಹಾಗೇ ಅನ್ನುತ್ತೇನೆ. ಹೆಸರು ಹಿಡಿದು ಬರೆದರೆ ಅವರಿಗೆ ಸೇರುತ್ತಿರಲಿಲ್ಲ.

ಚಾಚಾ ತೀರಿಕೊಂಡು ಕೆಲವು ವರ್ಷಗಳಾದವು. ಕೊನೆಗಾಲದಲ್ಲಿ ಅವರ ಅಂಗಡಿಗೆ ಕಾಳು ತಂದವರಿಗೆಲ್ಲ ಅವರ ಒಂದು ಪದ್ಧತಿ ನೆನಪಿದೆ. ಚೀಲದಿಂದ ನಾಲ್ಕು ಕಾಳು ತೆಗೆದು ಎರಡನ್ನು ತಾವು ಬಾಯಿಗೆ ಹಾಕಿಕೊಂಡು, ಉಳಿದೆರಡನ್ನು ತಂದವನ ಅಂಗೈಯಲ್ಲಿ ಇಡುತ್ತಿದ್ದರು. “ನಾನೂ ಕಡೀತೀನಿ, ನೀನೂ ಕಡಿ. ಇಬ್ಬರ ಮಾತು ಕೂಡಿದ್ರ ತೂಕ.” ಹೊಸ ಹುಡುಗರು ಅದನ್ನು ಮುದುಕರ ಚೇಷ್ಟೆ ಎಂದುಕೊಂಡಿದ್ದರು. ಆದರೆ ಆ ಪದ್ಧತಿ ಮೊದಲಿನಿಂದ ಇದ್ದುದಲ್ಲ. ಅದು ಹೇಗೆ ಬಂತು ಎಂಬುದು ನನಗೆ ಗೊತ್ತು, ಯಾಕೆಂದರೆ ಆ ಸಂಗತಿಯಲ್ಲಿ ನಾನೂ ಇದ್ದೆ.

ಅವರ ಕಾಳಿನ ಅಂಗಡಿಯ ಎದುರಿಗೇ ನನ್ನ ಹಿಟ್ಟಿನ ಗಿರಣಿ. ನಾನು ನಾಲ್ಕನೇ ಇಯತ್ತೆ ಮುಗಿಸುವ ಮೊದಲೇ ಸಾಲಿ ಬಿಟ್ಟವನು. ಬೇರೆಯವರ ಗಿರಣಿಯಲ್ಲಿ ದುಡಿದು ದುಡಿದು, ಕೊನೆಗೆ ನನ್ನದು ಅಂತ ಒಂದನ್ನು ಕೂಡಿಸಿದೆ. ಬೀಸಿ ಬೀಸಿ ಸವೆದ ಕಲ್ಲಿನ ಮೈಮೇಲೆ ಉಳಿಯಿಂದ ಮತ್ತೆ ಗೀರು ಕೊರೆಯುವುದಕ್ಕೆ ನಾವು ಟಾಕಿ ಹೊಡೆಯುವುದು ಅನ್ನುತ್ತೇವೆ. ಆ ಕೆಲಸಕ್ಕೆ ನಾನು ಇವತ್ತಿನವರೆಗೂ ಹೊರಗಿನವನನ್ನು ಕರೆಸಿಲ್ಲ. ಚಾಚಾಗೆ ನನ್ನ ಮೇಲೆ ಪ್ರೀತಿ ಹುಟ್ಟಿದ್ದು ಅದರಿಂದಲೇ ಅಂತ ಕಾಣುತ್ತದೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಬಂದು, ನಾನು ಕಲ್ಲು ಮಗುಚಿ ಹಾಕಿಕೊಂಡು ಟಾಕಿ ಹೊಡೆಯುವುದನ್ನು ನೋಡುತ್ತ ಕೂಡುತ್ತಿದ್ದರು.

“ತಮ್ಮಾ, ಇಷ್ಟ ಆಳ ಹೊಡೀಬ್ಯಾಡ. ಹಿಟ್ಟು ದಪ್ಪ ಬರ್ತೈತಿ.”

“ನಿಮ್ಮ ಅಂಗಡ್ಯಾಗ ನಾ ಬಂದು ತಕ್ಕಡಿ ಹಿಡಿತೇನ್ರಿ ಚಾಚಾ?”

“ಹಿಡದ್ರ ನಾ ಬ್ಯಾಡ ಅನ್ನೂದಿಲ್ಲ. ನಿನ್ನ ಕೈ ಭಾರ ಐತಿ, ನನಗ ಲಾಭ.”

ಅವರ ಮಾತು ಹೀಗೆ. ನಮ್ಮ ಜೊತೆ ಕನ್ನಡ, ಮನೆಯಲ್ಲಿ ದಖನಿ, ತಾಲೂಕಿನ ಊರು ಜತ್ತದಿಂದ ಬರುವ ಸಾಹೇಬರ ಜೊತೆ ಮರಾಠಿ. ಬೈಯುವಾಗ ಮಾತ್ರ ಮೂರೂ ಕೂಡಿ ಬರುತ್ತಿದ್ದವು. ಬಿಳಿ ಪೈಜಾಮ, ಬಿಳಿ ಅಂಗಿ, ತಲೆಗೆ ಟೊಪಿಗೆ. ಕಾಳಿನ ಧೂಳಿನ ನಡುವೆ ದಿನವಿಡೀ ಕೂತರೂ ಸಂಜೆ ಎದ್ದಾಗ ಅಂಗಿ ಬೆಳಗಿನಂತೆಯೇ ಇರುತ್ತಿತ್ತು. ಅದು ಹೇಗೆ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. “ಧೂಳಿಗೂ ಮರ್ಯಾದಿ ಇರ್ತೈತಿ, ನೀ ಕೊಟ್ರ ಅದೂ ಕೊಡ್ತೈತಿ” ಅನ್ನುತ್ತಿದ್ದರು.

ಅವರ ಹಲ್ಲಿನ ಮಾತಿಗೆ ಎಷ್ಟು ಬೆಲೆ ಇತ್ತೆಂದರೆ, ಅಣ್ಣತಮ್ಮಂದಿರು ರಾಶಿ ಪಾಲು ಮಾಡಿಕೊಳ್ಳುವಾಗ ಇವರನ್ನು ಕರೆಯುತ್ತಿದ್ದರು. ಯಾವ ಮೂಲೆಯ ಜೋಳ ಹಸಿ, ಯಾವುದು ಒಣ ಎಂದು ಇವರು ಕಡಿದು ಹೇಳಿದ ಮೇಲೆ ತಕರಾರು ಇಲ್ಲ. ಒಮ್ಮೆ ಕುಣಿಕೋಣೂರಿನ ಒಬ್ಬ ರೈತನ ಚೀಲದ ಕಾಳು ಕಡಿದು, “ನಿನ್ನೆ ರಾಶಿ ಮುಚ್ಚೂದು ಮರತೀ, ಇಬ್ಬನಿ ಕುಡದೈತಿ” ಅಂದರು. ಆತ ತಲೆ ಕೆರೆದುಕೊಂಡು, “ಹೆಂಡ್ತಿ ಮುಚ್ಚ್ಯಾಳ ಅಂತ ನಾ, ನಾ ಮುಚ್ಚೇನಿ ಅಂತ ಆಕಿ” ಅಂದ. ಬಾಜಾರೆಲ್ಲ ನಕ್ಕಿತು.

ಆದರೆ ಒಂದು ಮಾತಿಗೆ ಯಾರೂ ನಗುತ್ತಿರಲಿಲ್ಲ. ತೂಕ ಹೆಚ್ಚಾಗಲಿ ಎಂದು ಒಣಗಿದ ಕಾಳಿಗೆ ನೀರು ಚಿಮುಕಿಸಿ ತರುವವರು ಎಲ್ಲೋ ಒಬ್ಬಿಬ್ಬರು ಇರುತ್ತಿದ್ದರು. ಅಂಥದ್ದನ್ನು ಕಡಿದರೆ ಚಾಚಾ ಬಾಯಿಂದ ಕಾಳು ಉಗುಳಿ, “ನೀರು ಹೊಡದೈತಿ” ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. ಆ ಹೆಸರು ಒಮ್ಮೆ ಬಿದ್ದರೆ ಹೋಗುವುದಿಲ್ಲ. ಅಂಥವರಿಗೆ ಹೊಲ ಪಾಲಿಗೆ ಕೊಡುವವರಿಲ್ಲ, ಸುಗ್ಗಿಗೆ ಕರೆಯುವವರಿಲ್ಲ. ಇಷ್ಟೆಲ್ಲ ಅವರ ಹಲ್ಲಿನ ಮೇಲೆ ನಿಂತಿತ್ತು.

ಆ ಹಲ್ಲೇ ಹೋದವು. ಹಲ್ಲುಜ್ಜಲು ಮಿಸ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ಅವರಿಗೆ ದಿನಕ್ಕೆ ಮೂರು ಸಲ ಬೇಕಿತ್ತು. ಒಂದೊಂದೇ ಅಲ್ಲಾಡಿದವು, ಒಂದೊಂದೇ ಬಿದ್ದವು. ಇಸವಿ ತೊಂಬತ್ತರ ಆಚೆ ಈಚೆ ಇರಬೇಕು, ಉಳಿದ ನಾಲ್ಕೈದನ್ನೂ ಮಿರಜಿನ ಒಬ್ಬ ಹಲ್ಲಿನ ಡಾಕ್ಟರ ಕಡೆ ಕೀಳಿಸಿಕೊಂಡು ಬಂದರು. ಎರಡು ತಿಂಗಳು ಅಂಗಡಿಯ ಒಳಗಿನ ಕೋಣೆಯಲ್ಲೇ ಕೂತರು. ಯಾರ ಜೊತೆ ಮಾತಾಡಬೇಕಾದರೂ ಟವೆಲ್ಲಿನ ತುದಿ ಬಾಯಿಗೆ ಅಡ್ಡ. ಆಮೇಲೆ ಮೇಲಿನದೂ ಕೆಳಗಿನದೂ ಪೂರಾ ಕವಳಿ ಬಂತು. ಕಟ್ಟಿಸಿದ ಹಲ್ಲಿಗೆ ನಮ್ಮಲ್ಲಿ ಕವಳಿ ಎಂಬ ಮರಾಠಿ ಮಾತೇ ನಡೆಯುತ್ತದೆ.

ಕವಳಿ ಮಾಡಿಸುವಾಗಿನ ಕತೆಯನ್ನು ಅವರೇ ಹೇಳಿದ್ದು. ಡಾಕ್ಟರು ಹಲ್ಲಿನ ಬಣ್ಣಗಳನ್ನು ಸಾಲಾಗಿ ತೋರಿಸಿ, ಯಾವುದು ಬೇಕು ಅಂದರಂತೆ. ಇವರು ಜೇಬಿನಿಂದ ಒಂದು ಮಾಲದಂಡಿ ಜೋಳದ ಕಾಳು ತೆಗೆದು, “ಈ ಬಣ್ಣದ್ದು ಕೊಡ್ರಿ” ಅಂದರಂತೆ. ಮತ್ತೆ ಕೇಳಿದರಂತೆ: “ಇದನ್ನ ಕಡದ್ರ ಒಡೀತೈತೇನ್ರಿ?” ಡಾಕ್ಟರು ನಕ್ಕು, “ಮೊದಲು ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನಲು ಕಲಿಯಿರಿ” ಅಂದರಂತೆ. ಬರುವಾಗ ಇನ್ನೆರಡು ಮಾತು ಹೇಳಿ ಕಳಿಸಿದ್ದರು. ಮಲಗುವಾಗ ತೆಗೆದಿಡಬೇಕು. ವರ್ಷಕ್ಕೊಮ್ಮೆ ಬಂದು ತೋರಿಸಬೇಕು. ಚಾಚಾ ಎರಡಕ್ಕೂ ಹೂಂ ಅಂದು, ಎರಡನ್ನೂ ಮಾಡಲಿಲ್ಲ.

ತೆಗೆದಿಡುವುದಕ್ಕೆ ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಬರಿ ಬಾಯಿಯಲ್ಲಿ ಹೆಂಡತಿಯೂ ತಮ್ಮನ್ನು ನೋಡಬಾರದು ಅವರಿಗೆ. ತೊಳೆಯುವಾಗ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. “ತೆಗದಿಟ್ಟು ಮಲಗಿದಾಗ ಪ್ರಾಣ ಹೋತಂದ್ರ? ಮಂದಿ ಬಂದು ನನ್ನ ಬೋಳಬಾಯಿ ನೋಡೂದು?” ಎಂದು ಒಮ್ಮೆ ನನ್ನ ಮುಂದೆ ಅಂದಿದ್ದರು. ಅದನ್ನು ಅವರು ನಗುತ್ತ ಅಂದದ್ದಲ್ಲ.

ಕವಳಿ ಬಂದ ಮೇಲೆ ಅವರು ಮತ್ತೆ ಕಡಿಯಲು ಕಲಿತದ್ದು ನನ್ನ ಗಿರಣಿಯಲ್ಲಿ. ದಿನಾ ಮಧ್ಯಾಹ್ನ ಬರುವುದು. ನಾನು ಮೂರು ಗಂಟು ಕಟ್ಟಿ ಇಟ್ಟಿರುತ್ತಿದ್ದೆ: ಒಂದರಲ್ಲಿ ಒಣ ಕಾಳು, ಒಂದರಲ್ಲಿ ಅರೆ ಒಣಗಿದ್ದು, ಒಂದರಲ್ಲಿ ತುಸು ನೀರು ತಾಗಿಸಿದ್ದು. ಅವರು ಕಣ್ಣು ಮುಚ್ಚಿ ಕಡಿದು ಹೇಳಬೇಕು. ಮೊದಲು ಮುಂದಿನ ಹಲ್ಲಿನಿಂದ ಕಡಿದರೆ ಕವಳಿ ಹಿಂದೆ ಎದ್ದು ಬರುತ್ತಿತ್ತು. ಆಮೇಲೆ ಕಾಳನ್ನು ನಾಲಿಗೆಯಿಂದ ಎಡದವಡೆಗೆ ತಳ್ಳಿ ಕಡಿಯಲು ಹತ್ತಿದರು.

“ಇದು ಒಣ.”

“ಅಲ್ಲ ಚಾಚಾ, ಅರೆ.”

“ಸುಳ್ಳ ಹೇಳ್ತಿ.”

“ನೀವು ಕಡದು ನೋಡೀರಿ, ನಾ ಕಟ್ಟಿ ಇಟ್ಟೀನಿ. ಯಾರ ಸುಳ್ಳ?”

ಹೀಗೆ ಒಂದೂವರೆ ತಿಂಗಳು ನಡೆಯಿತು. ಕೊನೆಗೆ ಒಂದು ವಾರ ಪೂರ್ತಿ ಒಂದೂ ತಪ್ಪಲಿಲ್ಲ. ಆ ದಿನ ಅವರು ನನಗೆ ಚಹಾ ತರಿಸಿ, “ಮೊದಲಿನ ಹಲ್ಲು ದೇವರು ಕೊಟ್ಟದ್ದು, ಪುಕ್ಕಟೆ ಬಂದ್ವು, ಪುಕ್ಕಟೆ ಹೋದ್ವು. ಇವು ನಾ ಕಲತದ್ದು” ಅಂದರು. ಮರುದಿನದಿಂದ ಅಂಗಡಿಯ ಮುಂದಿನ ಗಾದಿಗೆ ಬಂದು ಕೂತರು. ಮತ್ತೆ ಹತ್ತು ಹನ್ನೆರಡು ವರ್ಷ ಆ ಬಾಯಿಯ ಮಾತೇ ಬಾಜಾರಿನ ಮಾತು.

ಬದಲಾವಣೆ ಯಾವಾಗ ಸುರುವಾಯಿತೋ ನನಗೆ ಹೇಳಲಾಗದು. ದಿನಾ ಎದುರಿಗೆ ಕೂತವನ ಮುಖ ಬದಲಾದದ್ದು ಕಾಣುವುದಿಲ್ಲ. ಕಡಲೆ ತಿನ್ನುವುದನ್ನು ಬಿಟ್ಟರು. ಆಮೇಲೆ ಶೇಂಗಾ ಬಿಟ್ಟರು. ರೊಟ್ಟಿಯನ್ನು ಮತ್ತೆ ಹಾಲಿಗೆ ಹಾಕತೊಡಗಿದರು. ತುಟಿಯ ಎರಡೂ ಮೂಲೆ ಒಡೆದು ಕೆಂಪಾಗುತ್ತಿದ್ದವು. ಬೆರಳಿನಿಂದ ತುಪ್ಪ ಹಚ್ಚಿಕೊಳ್ಳುತ್ತಿದ್ದರು. ಮಾತಾಡುವಾಗ ಕೆಳಗಿನ ಕವಳಿ ಟಕ್ ಟಕ್ ಅನ್ನುತ್ತಿತ್ತು. ವಿಜಾಪುರಕ್ಕೆ ಕೊಟ್ಟ ಮಗಳು ವರ್ಷದ ಮೇಲೆ ತವರಿಗೆ ಬಂದವಳು, “ಅಬ್ಬಾನ ಮುಖ ಗಿಡ್ಡ ಆಗೇದ, ಗದ್ದ ಮೂಗಿಗೆ ಹತ್ತೂ ಹಂಗ ಆಗೇದ” ಅಂದಳಂತೆ. ಚಾಚಾ ಅದನ್ನು ನನಗೆ ಹೇಳಿ, “ವಯಸ್ಸು ತಮ್ಮಾ, ಗ್ವಾಡಿನೂ ಕುಸೀತಾವ” ಅಂದರು. ನಾನೂ ಹೌದೆಂದೆ.

ಬಾಜಾರಿನಲ್ಲಿ ಮಾತ್ರ ಬೇರೆ ಮಾತು ಎದ್ದಿತ್ತು. ಮೂರು ಸುಗ್ಗಿಯಿಂದ ಚಾಚಾ ಬಿಗಿ ಆಗ್ಯಾರ, ಅವರಿಗೆ ಎಲ್ಲಾರ ಜ್ವಾಳಾನೂ ಹಸಿ, ಅಂತ. ಇನ್ನೆರಡು ದಿನ ಒಣಗಿಸಿ ತಾ ಎಂದು ಚೀಲ ವಾಪಸು ಕಳಿಸುತ್ತಿದ್ದರು. ಒಣಗಿಸಿ ತಂದರೆ ಮತ್ತೆ ಎರಡು ದಿನ. ಕೆಲವರು ಜತ್ತದ ಹಾದಿ ಹಿಡಿದರು. ಕೆಲವರು ಇದು ಬೆಲೆ ಇಳಿಸುವ ಹುನ್ನಾರ ಅಂದರು. ನನ್ನ ಕಿವಿಗೂ ಬಿತ್ತು. ಚಾಚಾ ಅಂಥವರಲ್ಲ ಎಂದು ಜಗಳಾಡಿದೆ. ಆದರೆ ಅವರಿಗೆ ಹೋಗಿ ಹೇಳಲಿಲ್ಲ.

ಆ ವರ್ಷ ಶಿವರಾತ್ರಿ ಮುಗಿದು ಸುಗ್ಗಿ ಜೋರಾಗಿತ್ತು. ಬಾಜಾರದ ದಿನ ಅನಸಕ್ಕ ತಲೆಯ ಮೇಲೆ ಅರ್ಧ ಚೀಲ ಜೋಳ ಹೊತ್ತು ಬಂದಳು. ಊರ ಹೊರಗಿನ ವಸತಿಯ, ಬೌದ್ಧ ಧರ್ಮಕ್ಕೆ ಬಂದ ದಲಿತರ ಪೈಕಿ ಹೆಣ್ಣುಮಗಳು, ನಲವತ್ತೈದರ ಮೇಲಿನ ವಯಸ್ಸು, ಕೊಯ್ಲಿನ ಗುಂಪಿಗೆ ಮುಂದಾಳು. ಎಂಟು ಹತ್ತು ಹೆಂಗಸರು ಆಕೆಯ ಮಾತಿನ ಮೇಲೆ ಹೊಲಕ್ಕೆ ಇಳಿಯುತ್ತಿದ್ದರು. ಕೂಲಿ ಕಾಳಿನಲ್ಲೇ ಬರುತ್ತಿತ್ತು. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಚಾಚಾನ ಅಂಗಡಿಗೆ ತರುವುದು ಆಕೆಯ ರೂಢಿ.

ಚಾಚಾ ಎರಡು ಕಾಳು ಕಡಿದರು. ಮುಖ ಗಂಟಿಕ್ಕಿದರು. ಮತ್ತೆರಡು ಕಡಿದರು.

“ಹಸಿ ಐತಿ.”

“ಹಸಿ ಹ್ಯಾಂಗ ಇರ್ತೈತ್ರಿ? ಎಂಟು ದಿನ ಮಾಳಿಗಿ ಮ್ಯಾಲ ಹರವೇನಿ.”

“ಎಂಟು ದಿನ ಬಿಸಲಾಗ ಇದ್ದ ಜ್ವಾಳ ಹಿಂಗ ಮೆತ್ತಂಗಿಲ್ಲ. ಮಾಳಿಗಿಯಿಂದ ಇಳಿಸಿದ ಮ್ಯಾಲ ನೀರು ಹೊಡದೈತಿ.”

ಅಂಗಡಿಯ ಮುಂದೆ ಚೀಲ ಹೊಲಿಯುತ್ತ ಕೂತಿದ್ದ ಹಮಾಲ ಒಬ್ಬ, “ಅನಸಕ್ಕನ ಮನ್ಯಾಗ ಕೊಡ ಖಾಲಿ ಆಗಿರಬೇಕು ನೋಡ್ರಪಾ” ಅಂದ. ಸುತ್ತಲಿನವರು ನಕ್ಕರು. ಅನಸಕ್ಕ ಚೀಲದ ಬಾಯಿ ಕಟ್ಟಿದಳು, ತಲೆಗೆ ಏರಿಸಿದಳು, ರಸ್ತೆ ದಾಟಿ ನೆಟ್ಟಗೆ ನನ್ನ ಗಿರಣಿಗೆ ಬಂದು ಇಳಿಸಿದಳು.

“ಅಣ್ಣಾ, ಎರಡು ಸೇರು ಬೀಸು.”

ಹಸಿ ಕಾಳು ಬಿದ್ದರೆ ಗಿರಣಿ ತಾನೇ ಹೇಳುತ್ತದೆ. ಕಲ್ಲು ಮೆತ್ತಿಕೊಳ್ಳುತ್ತದೆ, ಸಪ್ಪಳ ಇಳಿಯುತ್ತದೆ, ಹಿಟ್ಟು ಉಂಡೆ ಉಂಡೆಯಾಗಿ ಬೀಳುತ್ತದೆ. ಆಕೆಯ ಜೋಳ ಸುರಿದಾಗ ಕಲ್ಲಿನ ಸಪ್ಪಳ ಒಂದೇ ಸಮ ನಡೆಯಿತು. ಹಿಟ್ಟು ಬೆಚ್ಚಗೆ, ಸಣ್ಣಗೆ, ಬೆರಳಸಂದಿಯಿಂದ ಜಾರಿ ಹೋಗುವಂತೆ ಬಂತು.

“ಹಸಿ ಐತೇನು?” ಎಂದು ಕೇಳಿದಳು.

“ಇಲ್ಲ. ಚಲೋ ಒಣಗೇದ.”

“ಇದನ್ನ ಅವರಿಗೆ ಹೇಳ್ತಿಯೇನು?”

ನಾನು ಕಲ್ಲಿನ ಕಡೆ ನೋಡಿದೆ.

“ನಾ ಹೇಳಿದ್ರ ಕಳ್ಳಿ ಹೇಳಿದಂಗ. ನೀ ಹೇಳಿದ್ರ ಗಿರಣಿ ಹೇಳಿದಂಗ,” ಅಂದಳು. ಹಿಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು, ಚೀಲ ಹೊತ್ತು ಹೋದಳು.

ಯಾರಿಗೂ ತಲೆ ಬಾಗಿಸದವನು ನಾನು ಎಂದು ಅಲ್ಲಿಯವರೆಗೆ ನನಗೆ ಅನಿಸಿತ್ತು. ಎರಡು ದಿನ ನಾನು ರಸ್ತೆಯ ಆಚೆ ನೋಡಲಿಲ್ಲ. ಚಾಚಾನ ಸಿಟ್ಟಿಗೆ ಹೆದರಿದ್ದಲ್ಲ. ಅವರು ಕಲಿತದ್ದು ನನ್ನ ಮುಂದೆ. ಅದು ಹೋಗಿದೆ ಎಂದು ನಾನೇ ಹೇಳಬೇಕಲ್ಲ ಎಂಬ ಸಂಕಟ. ಮೂರನೆಯ ದಿನ ಬೀಸಲು ಬಂದ ಒಬ್ಬ ಹೆಂಗಸು ಹೇಳಿದಳು: ಮರುದಿನದ ಕೊಯ್ಲಿಗೆ ಅನಸಕ್ಕನ ಗುಂಪನ್ನು ಬೇಡ ಅಂದಿದ್ದಾರಂತೆ. ಹೊಲದವನು, “ನೀರು ಹೊಡಿಯೂ ಮಂದಿ ನಮಗ ಬ್ಯಾಡ, ನಾಳೆ ಜ್ವಾಳದ ಸೂಡು ಕದ್ದರಂದ್ರ?” ಅಂದನಂತೆ. ಆಕೆಯ ಜೊತೆ ಎಂಟು ಹೆಂಗಸರ ಸುಗ್ಗಿ ಹೋಯಿತು.

ಆ ಮಧ್ಯಾಹ್ನವೇ ಮೂರು ಗಂಟು ಕಟ್ಟಿಕೊಂಡು ಚಾಚಾನ ಒಳಗಿನ ಕೋಣೆಗೆ ಹೋದೆ. ಗಂಟು ನೋಡಿದ ಕೂಡಲೇ ಅವರಿಗೆ ತಿಳಿಯಿತು.

“ಯಾಕ? ನನಗ ಮತ್ತ ಸಾಲಿಗೆ ಹಾಕ್ತಿಯೇನು?”

“ಒಂದ ಸಲ ಕಡೀರಿ ಚಾಚಾ.”

ಮೊದಲನೆಯದನ್ನು ಕಡಿದು ಹಸಿ ಅಂದರು. ಎರಡನೆಯದೂ ಹಸಿ. ಮೂರನೆಯದನ್ನು ಬಹಳ ಹೊತ್ತು ಆಡಿಸಿದರು. ಎಡಕ್ಕೆ ತಳ್ಳಿದರು, ಬಲಕ್ಕೆ ತಳ್ಳಿದರು. ಗದ್ದ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತಿತ್ತು. “ಇದೂ ಹಸಿ ಐತಿ. ಉಳಿದ ಎರಡಕ್ಕಿಂತ ಕಡಿಮಿ,” ಅಂದರು.

“ಅದು ಹೋದ ವರ್ಷದ ಕಾಳ್ರಿ. ಬಿಸಲಾಗ ತಗಡಿನ ಮ್ಯಾಲ ಇಟ್ಟಿದ್ದೆ.”

ನಾನು ಅದೇ ಗಂಟಿನಿಂದ ಒಂದು ಕಾಳು ತೆಗೆದು ಕಡಿದೆ. ಕಟ್ ಎಂದದ್ದು ಇಬ್ಬರಿಗೂ ಕೇಳಿತು.

“ಮೊದಲನೇದು?”

“ಅದು ಅನಸಕ್ಕನ ಜ್ವಾಳ. ಗಿರಣ್ಯಾಗ ಸ್ವಲ್ಪ ಉಳದಿತ್ತು.”

ಚಾಚಾ ಎದ್ದು ಗೋಡೆಯ ಕಡೆ ತಿರುಗಿದರು. ತುಸು ಹೊತ್ತಿನ ಮೇಲೆ ಮುಖ ತಿರುಗಿಸದೆಯೇ ಹಿಂದಕ್ಕೆ ಕೈ ಚಾಚಿದರು. ಕೈಯಲ್ಲಿ ಕರ್ಚೀಫು, ಕರ್ಚೀಫಿನಲ್ಲಿ ಕವಳಿ. ನೋಡು ಎಂದು ಕೈಯಿಂದಲೇ ಸನ್ನೆ ಮಾಡಿದರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ದವಡೆಯ ಹಲ್ಲುಗಳ ಮೇಲೆ ಏರಿಳಿವು ಇರಬೇಕಾದಲ್ಲಿ ಏನೂ ಇಲ್ಲ. ತಿಂಗಳುಗಟ್ಟಲೆ ಟಾಕಿ ಕಾಣದ ಕಲ್ಲಿನಂತೆ ನುಣ್ಣಗೆ, ಥಳಥಳ. ಮೇಲಿನದನ್ನೂ ಕೆಳಗಿನದನ್ನೂ ಕೂಡಿಸಿ ಹಿಡಿದರೆ, ಇವರು ಈಗ ಕಡಿಯುವ ರೀತಿಯಲ್ಲಿ ಹಿಡಿದರೆ, ಮುಂದಿನ ಹಲ್ಲು ತಾಗುತ್ತಿದ್ದವು, ಹಿಂದೆ ಕಾಗದ ತೂರುವಷ್ಟು ಸಂದಿ ಉಳಿಯುತ್ತಿತ್ತು. ಅಂಥ ಕಲ್ಲಿನಿಂದ ಕಾಳು ಒಡೆಯುವುದಿಲ್ಲ, ಜಾರುತ್ತದೆ. ಹಾಗೆಂದು ಹೇಳಿದೆ. ಗೋಡೆಯ ಕಡೆ ಇದ್ದ ತಲೆ ಒಮ್ಮೆ ಆಡಿತು.

ಮರುದಿನ ಇಬ್ಬರೂ ಮಿರಜಿಗೆ ಹೋದೆವು. ಅದೇ ಡಾಕ್ಟರು, ಅವರ ಕೂದಲೂ ನರೆತಿದ್ದವು. ಬಾಯಿ ನೋಡಿ, ಕವಳಿ ನೋಡಿ, ಮರಾಠಿಯಲ್ಲಿ ನಿಧಾನಕ್ಕೆ ಹೇಳಿದರು. ಹಲ್ಲು ಹೋದ ಮೇಲೆ ದವಡೆಯ ಎಲುಬು ವರ್ಷ ವರ್ಷಕ್ಕೆ ಕರಗುತ್ತದೆ, ಕೆಳಗಿನದು ಹೆಚ್ಚು ಕರಗುತ್ತದೆ. ಹಗಲೂ ರಾತ್ರಿ ಹಾಕಿಕೊಂಡೇ ಇದ್ದರೆ ಇನ್ನೂ ಹೆಚ್ಚು. ಕೆಳಗೆ ಎಲುಬು ಇಳಿದಿದೆ, ಮೇಲೆ ಹಲ್ಲು ಸವೆದಿವೆ. ಎರಡೂ ಕೂಡಿ ಬಾಯಿ ಮುಚ್ಚಿದಾಗಿನ ಎತ್ತರವೇ ತಗ್ಗಿದೆ. ಅದಕ್ಕೇ ಗದ್ದ ಮೇಲಕ್ಕೂ ಮುಂದಕ್ಕೂ ಸರಿದಿದೆ. ಇದನ್ನು ಸರಿಪಡಿಸಲಾಗದು, ಹೊಸದನ್ನೇ ಮಾಡಬೇಕು, ಕೆಲವು ವಾರ ಹಿಡಿಯುತ್ತದೆ.

“ಇಷ್ಟೆಲ್ಲ ಆದರೂ ನನಗೆ ಹೇಗೆ ತಿಳಿಯಲಿಲ್ಲ?” ಚಾಚಾ ಕೇಳಿದರು.

“ದಿನಕ್ಕೆ ಕೂದಲಿಗಿಂತ ಕಡಿಮೆ ಸರಿದರೆ ಯಾರಿಗೆ ತಿಳಿಯುತ್ತದೆ ಚಾಚಾ? ಬಾಯಿ ದಿನಾ ಹೊಂದಿಕೊಳ್ಳುತ್ತ ಹೋಗುತ್ತದೆ. ಇವತ್ತು ಕಡಿದದ್ದು ನಿನ್ನೆಯಂತೆಯೇ ಅನಿಸುತ್ತದೆ.”

ಬರುವಾಗ ಬಸ್ಸು ಜತ್ತ ದಾಟಿತ್ತು. ಚಾಚಾ, “ಮೂರು ಸುಗ್ಗಿ,” ಅಂದರು. “ಉಳಿದವರಿಗೆ ಒಣಗಿಸಿ ತಾ ಅಂದೆ. ಬಿಸಲಿಗೇನು, ಮತ್ತ ಒಣಗಿಸಿದ್ರು. ಆಕಿಗೆ ಅಂದದ್ದು ಬ್ಯಾರೆ ಮಾತು.”

ಸಂಖದಲ್ಲಿ ಇಳಿದು ಮನೆಗೂ ಹೋಗದೆ ಅನಸಕ್ಕನ ವಸತಿಗೆ ನಡೆದರು. ನಾನು ಹಿಂದೆ. ಆಕೆ ಕಟ್ಟೆಯ ಮೇಲೆ ಚಾಪೆ ಹಾಸಿ, ಕುಂದ್ರಿ ಅಂದು, ನೀರು ಕೊಟ್ಟಳು.

“ತಂಗೀ, ನನ್ನ ಕಡೆಯಿಂದ ತಪ್ಪಾಗೈತಿ. ನಿನ್ನ ಜ್ವಾಳ ಒಣಗಿದ್ದ ಐತಿ. ನಾಳೆ ಚೀಲ ಕಳಿಸು, ತಗೋತೀನಿ.”

“ಜ್ವಾಳ ಮಾರೂ ಮಾತು ಆಮ್ಯಾಲ, ಚಾಚಾ. ನೀವು ಇಲ್ಲಿ ಹೇಳಿದ್ರ ನನಗ ಕೇಳ್ತು, ನನ್ನ ಕೋಳಿಗೆ ಕೇಳ್ತು. ನೀವು ಅಂದದ್ದು ಬಾಜಾರದಾಗ.”

“ಹೌದು.”

“ಬಾಜಾರದಾಗ ಹೇಳ್ರಿ. ನಾ ಬಂದು ನಿಂದರ್ತೀನಿ.”

ಆಕೆ ದನಿ ಏರಿಸಿರಲಿಲ್ಲ. ಚಾಚಾ ನೀರಿನ ತಂಬಿಗೆಯನ್ನು ಎರಡೂ ಕೈಯಿಂದ ಹಿಡಿದು ಕೆಳಗಿಟ್ಟು, ಆಯಿತು ಅಂದರು. ಬರುವ ಹಾದಿಯಲ್ಲಿ ನನ್ನನ್ನು ಕೇಳಿದರು: “ನನ್ನ ಹಲ್ಲಿಗೆ ತಿಳೀವಲ್ದು ಅಂತ ನಾನ ಒದರಿದ ಮ್ಯಾಲ ಯಾರು ನನ್ನ ಮುಂದ ಚೀಲ ಬಿಚ್ಚತಾರ?”

“ಗೊತ್ತಿಲ್ಲ ಚಾಚಾ.”

“ಬಿಚ್ಚತಾರ ಅಂತ ಸುಳ್ಳಾದ್ರೂ ಹೇಳಬಾರದೇನೋ?”

“ಸುಳ್ಳು ನನಗ ಬರಂಗಿಲ್ರಿ.”

“ಅದ ನಿನ್ನ ಖೋಡಿ ಗುಣ,” ಅಂದರು. ನಕ್ಕಂತೆ ಕಂಡಿತು.

ಬಾಜಾರದ ದಿನ ಜನ ತುಂಬಿದ ಹೊತ್ತು ನೋಡಿ ಅವರು ಅಂಗಡಿಯ ಮುಂದೆ ಬಂದು ನಿಂತರು. ಅನಸಕ್ಕ ತನ್ನ ಗುಂಪಿನ ಹೆಂಗಸರನ್ನು ಕರೆದುಕೊಂಡು ಬಂದಿದ್ದಳು. ನಾನು ಗಿರಣಿ ನಿಲ್ಲಿಸಿ ಬಂದೆ. ಚಾಚಾ ಹೇಳಿದರು: ಹೋದ ವಾರ ಅನಸಕ್ಕನಿಗೆ ಅಂದ ಮಾತು ತಪ್ಪು, ಆಕೆಯ ಕಾಳು ಒಣಗಿದ್ದು, ತಮ್ಮ ಕವಳಿ ಕೆಟ್ಟಿದೆ.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಚೀಲ ಹೊಲಿಯುವ ಅದೇ ಹಮಾಲ, “ಬಡವಿ ಅಂತ ಕನಿಕರ ಬಂತೇನ್ರಿ ಚಾಚಾ? ನಿಮ್ಮ ಹಲ್ಲು ತಪ್ಪತಾವಂದ್ರ ಯಾರು ನಂಬತಾರ?” ಅಂದ. ಹೌದಲ್ಲ ಎಂದು ಇನ್ನಿಬ್ಬರು ದನಿ ಕೂಡಿಸಿದರು. ಅವನು ಹೊಗಳಿದ್ದು ಚಾಚಾನನ್ನು. ಅದು ಬಿದ್ದದ್ದು ಅನಸಕ್ಕನ ಮೇಲೆ. ಆಕೆಯ ಮುಖ ಕಪ್ಪಿಟ್ಟಿತು. ಹಿಂದೆ ನಿಂತ ಹೆಂಗಸರಲ್ಲಿ ಒಬ್ಬಳು, “ನಡೀ ಅಕ್ಕಾ, ಹೋಗೂನು” ಅಂದಳು.

ಚಾಚಾ ಆ ಕಡೆ ಈ ಕಡೆ ನೋಡಿದರು. ಅಲ್ಲಿ ಗೋಡೆ ಇರಲಿಲ್ಲ, ನಾಲ್ಕೂ ಕಡೆ ಜನ. ಎರಡೂ ಕೈ ಬಾಯಿಗೆ ಹೋದವು. ಕೆಳಗಿನದನ್ನು ತೆಗೆದರು, ಮೇಲಿನದನ್ನು ತೆಗೆದರು, ಎರಡನ್ನೂ ಜೋಳದ ರಾಶಿಯ ಮೇಲೆ ಇಟ್ಟರು. ಅವರ ಕೆನ್ನೆ ಒಳಗೆ ಹೋಯಿತು. ಗದ್ದ ಮೂಗಿನ ಹತ್ತಿರ ಬಂತು. ಇಷ್ಟು ವರ್ಷ ಎದುರಿಗಿದ್ದ ನಾನೇ ಅವರನ್ನು ಗುರುತು ಹಿಡಿಯುತ್ತಿರಲಿಲ್ಲ. ಕವಳಿಯ ಕಡೆ ಬೆರಳು ಮಾಡಿ ಏನೋ ಹೇಳಿದರು. ಒಂದು ದೊಡ್ಡ ಮಾತನ್ನೇ ಹೇಳಿದರು. ಗಾಳಿ ಮತ್ತು ಉಗುಳು ಬಂತು, ಅಕ್ಷರ ಬರಲಿಲ್ಲ. ಹಮಾಲ ಸಹಿತ ಯಾರೂ ನಗಲಿಲ್ಲ. ಮುಂದೆ ನಿಂತ ಇಬ್ಬರು ಬಾಗಿ, ಕವಳಿಯ ಸವೆದ ಹಲ್ಲು ನೋಡಿದರು. ನೋಡಿ, ಹಿಂದಿನವರಿಗೆ ಜಾಗ ಬಿಟ್ಟರು.

ಚಾಚಾ ಮತ್ತೆ ಹೇಳಿದರು. ಮತ್ತೆ ತಿಳಿಯಲಿಲ್ಲ. ಅವರ ಕಣ್ಣು ಕೆಂಪಾದವು.

ಅನಸಕ್ಕ ಮುಂದೆ ಬಂದಳು. ರಾಶಿಯ ಮೇಲಿನ ಕವಳಿಯನ್ನು ಮುಟ್ಟಲಿಲ್ಲ. ತನ್ನ ಜೊತೆಯವಳ ಕೈಯಿಂದ ನೀರಿನ ತಂಬಿಗೆ ಇಸಗೊಂಡು ಅವರ ಮುಂದೆ ಹಿಡಿದಳು.

“ತೊಳಕೊಂಡು ಹಾಕ್ಕೋರಿ ಚಾಚಾ,” ಅಂದಳು. “ನೀವು ಏನಂದ್ರಿ ಯಾರಿಗೂ ತಿಳೀಲಿಲ್ಲ.”

ಅವರು ಜನರ ಮುಂದೆಯೇ ತೊಳೆದರು, ಹಾಕಿಕೊಂಡರು, ನಾಲಿಗೆಯಿಂದ ಕೂಡಿಸಿಕೊಂಡರು. ಟೊಪಿಗೆ ಸರಿ ಮಾಡಿಕೊಂಡರು.

“ಅನಸಕ್ಕನ ಜ್ವಾಳಕ್ಕ ನೀರು ಬಿದ್ದಿರಲಿಲ್ಲ,” ಅಂದರು. “ಒಣಗಿದ ಜ್ವಾಳ. ತಪ್ಪು ಕಡದಾಂವ ನಾನು. ತಪ್ಪು ಅಂದಾಂವನೂ ನಾನು.”

“ಹಿಂದ ನಿಂತವರಿಗೆ ಕೇಳಿಲ್ರಿ,” ಅಂದಳು ಅನಸಕ್ಕ.

ಚಾಚಾ ಹಿಂದೆ ನಿಂತವರ ಕಡೆ ತಿರುಗಿ, ಇನ್ನೊಮ್ಮೆ ಹೇಳಿದರು.